ಹುಲಿಗೆಮ್ಮ ಬಿಡಿಸಿದ ಆಕಾಶ

ಕೊರೊನಾಕ್ಕೆ ಹಿಂದಿನ ವರ್ಷ ಕೊಪ್ಪಳ ಜಿಲ್ಲೆಯಲ್ಲಿ ಸಂಚಾರಿ ತಾರಾಲಯದ ಹೊಣೆ ನನ್ನದಾಗಿತ್ತು. ಗಾಳಿ ತುಂಬಿ ಎಬ್ಬಿಸುವ ಬಟ್ಟೆಯ ಗುಮ್ಮಟ, ಒಳಗೊಂದು ಪ್ರೊಜೆಕ್ಟರ್. ಹಾಡುಹಗಲೇ ಶಾಲೆಯ ಮಕ್ಕಳಿಗೆ ಇರುಳಿನ ಆಕಾಶ ತೋರಿಸುವುದು ಕೆಲಸ. ಬೇರೆ ನಕ್ಷತ್ರದ ಗ್ರಹದ ಮೇಲೆ ನಿಂತರೆ ಆಕಾಶ ಹೇಗಿರುತ್ತದೆ ಎಂಬುದು ನನ್ನ ಮೆಚ್ಚಿನ ಭಾಗ. ನಮ್ಮ ಸೂರ್ಯ ಅಲ್ಲಿಗೆ ಬರೀ ಒಂದು ಚುಕ್ಕಿ. ಅದನ್ನು ಹೇಳುವಾಗ ನನಗೆ ತುಸು ಜಂಬವೂ ಬರುತ್ತಿತ್ತು.

ಸಿದ್ದಾಪುರದ ಶಾಲೆಯಲ್ಲಿ ಪ್ರದರ್ಶನ ಮುಗಿದ ಮೇಲೆ, ಕಂಡದ್ದನ್ನು ಬಿಡಿಸಿ ಎಂದೆ. ಏಳನೇ ತರಗತಿಯ ಹುಲಿಗೆಮ್ಮ ಹಾಳೆ ತುಂಬ ಕಪ್ಪು ಬಳಿದು ಕೊಟ್ಟಳು. ಒಂದು ಚುಕ್ಕಿಯೂ ಇಲ್ಲ. ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿ, "ಒಳಗ ಗಡದ್ದ ನಿದ್ದಿ ಹೊಡದೀಯೇನವಾ?" ಎಂದೆ. ಮಕ್ಕಳು ಗೊಳ್ಳೆಂದರು.

"ಇಲ್ರಿ ಸರ, ಕಣ್ಣು ತೆರಕೊಂಡ ಕುಂತಿದ್ದೆರಿ. ನನಗ ಹಿಂಗ ಕಾಣ್ತೈತ್ರಿ," ಎಂದಳು.

ಆ ಮಾತು ಕೊರೆದು ಹೇಳಿಕಳಿಸಿದೆ; ಮರುದಿನ ಅವಳ ತಾಯಿ ನಾಟಿ ಕೆಲಸ ಬಿಟ್ಟು ಬಂದರು. ಹೊತ್ತು ಮುಳುಗಿದರೆ ಮಗಳು ಗೋಡೆ ಹಿಡಿದು ನಡೆಯುತ್ತಾಳಂತೆ. ಇಬ್ಬರನ್ನೂ ಕೊಪ್ಪಳಕ್ಕೆ, ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂದರು. ಕಣ್ಣಿನ ಒಳಪರದೆ ಸವೆಯುತ್ತ ಹೋಗುವ ಕಾಯಿಲೆ. ಮೊದಲು ಇರುಳಿನ ನೋಟ ಹೋಗುತ್ತದೆ, ಆಮೇಲೆ ಹಗಲಿನದೂ. ಅವಳಿಗಿದ್ದ ಬಗೆಗೆ ಮದ್ದಿರಲಿಲ್ಲ.

"ಇನ್ನ ಎಷ್ಟ ದಿನ ಕಾಣ್ತೈತ್ರಿ ಆಕಿಗೆ, ಸಾಹೇಬ್ರ?" ಎಂದು ತಾಯಿ ಕೇಳಿದರು. ವೈದ್ಯರಿಗೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಹುಲಿಗೆಮ್ಮ, "ಚುಕ್ಕಿ ಭಾಳ ಬೆಳಕಿರೋ ಜಾಗ ಎಲ್ಲೂ ಇಲ್ಲೇನ್ರಿ ಸರ?" ಎಂದಳು.

ಇತ್ತು. ಲಕ್ಷಾಂತರ ನಕ್ಷತ್ರಗಳು ಒತ್ತೊತ್ತಾಗಿ ನೆರೆದ ಗುಚ್ಛಗಳಿವೆ. ಅವುಗಳ ನಡುವೆ ಗ್ರಹವಿದ್ದರೆ, ಇದೆಯೋ ಇಲ್ಲವೋ ಖಚಿತವಿಲ್ಲ, ಅಲ್ಲಿನ ಇರುಳು ನಮ್ಮ ಬೆಳದಿಂಗಳಿಗಿಂತ ಬೆಳ್ಳಗಿರುತ್ತದೆ. ವಾರದೊಳಗೆ ಆ ಆಕಾಶವನ್ನು ಸಿದ್ಧಪಡಿಸಿ, ತಾಯಿ ಮಗಳನ್ನು ಕೂರಿಸಿ, ಪ್ರೊಜೆಕ್ಟರಿನ ಬೆಳಕನ್ನು ಪೂರ್ತಿ ಏರಿಸಿದೆ. ಹುಲಿಗೆಮ್ಮ ಬೆರಳೆತ್ತಿ ಎಣಿಸತೊಡಗಿದಳು. ಹದಿನೇಳಕ್ಕೆ ನಿಲ್ಲಿಸಿ, "ಛಲೋ ಅದಾವ್ರಿ," ಎಂದಳು.

ಆಮೇಲೆ ಕೊರೊನಾ ಬಂತು, ಗುಮ್ಮಟ ಮಡಚಿಟ್ಟೆವು. ಮತ್ತೆ ಸಿದ್ದಾಪುರಕ್ಕೆ ಹೋದಾಗ ಅವಳು ಹತ್ತನೇ ತರಗತಿ. ತಾಯಿ ಕೈಹಿಡಿದು ಕರೆತಂದರು. ಅದೇ ಆಕಾಶ ಹಾಕಿದೆ, ಬೆಳಕು ಪೂರ್ತಿ ಏರಿಸಿದೆ. ಅವಳು ಮುಖ ಮೇಲೆತ್ತಿ ಕುಳಿತಿದ್ದಳು. ಹಾಗೇ ಕಾಯುತ್ತ ಹೇಳಿದಳು:

"ಹಾಕ್ರಿ ಸರ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಪ್ರೊಜೆಕ್ಟರ್ ಆರಿಸಿ, ಅವಳ ಪಕ್ಕ ಕುಳಿತು, ಆ ಆಕಾಶವನ್ನು ಬಾಯಿಮಾತಿನಲ್ಲಿ ಹೇಳಿದೆ.

ಆಮೇಲೆ ನಿವೃತ್ತಿಯವರೆಗೂ, ತೋರಿಸುವ ಮೊದಲು ಇರುಳಿನಲ್ಲಿ ನಿಮಗೆ ಏನು ಕಾಣುತ್ತದೆ ಎಂದು ಮಕ್ಕಳನ್ನು ಕೇಳುವುದನ್ನು ಬಿಡಲಿಲ್ಲ. ಅವಳನ್ನು ಮೊದಲ ದಿನ ಕೇಳದೆ ನಗೆಪಾಟಲಿಗೀಡು ಮಾಡಿದ್ದೆ. ಅಂದು ಆ ತರಗತಿಯಲ್ಲಿ ತನಗೆ ಕಂಡದ್ದನ್ನು ಕಂಡ ಹಾಗೇ ಬಿಡಿಸಿದವಳು ಅವಳೊಬ್ಬಳೇ.