ಮುಖಪುಟದ ಕೌದಿ

ನಮ್ಮವ್ವ ಅನುಸೂಯಾಬಾಯಿ ಸಂತಪುರದಲ್ಲಿ ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಾಳೆ. ಊರವರು ಹರಿದ ಸೀರೆ, ಸವೆದ ಧೋತರ ಗಂಟು ಕಟ್ಟಿ ತಂದು ಕಟ್ಟೆಯ ಮೇಲೆ ಎಸೆದು ಹೋಗುತ್ತಾರೆ. ಆ ಚಿಂದಿಯಿಂದಲೇ ನಾನು ಓದಿದ್ದು. ಕೌದಿ ಮುಗಿದಾಗ ಮೂಲೆಯಲ್ಲಿ ನಾಲ್ಕು ಜೋಳದ ಕಾಳು ಇಟ್ಟು ಹೊಲಿಯುತ್ತಾಳೆ. "ಉಪಾಸ ಕೌದಿ ಹೊಚ್ಕೊಂಡ್ರ ನಿದ್ದಿ ಹತ್ತಲ್ಲೋ," ಎನ್ನುತ್ತಾಳೆ.

ನಾನು ಧಮ್ಮಪಾಲ, ಬೀದರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಸೈನರ್. ಹಳೆಯ ಮನೆವಸ್ತುಗಳ ಪ್ರದರ್ಶನಕ್ಕೆಂದು ಮ್ಯೂಸಿಯಂನವರು ನಮ್ಮಲ್ಲಿ ಪುಸ್ತಿಕೆ ಮಾಡಿಸಿದರು. ಅಲ್ಲಿಯ ಆಬೇದಾ ಮೇಡಂ ಕೌದಿ ಹುಡುಕುತ್ತಿದ್ದರು. ನನ್ನ ಹಾಸಿಗೆಯದನ್ನೇ ಒಯ್ದು ಕೊಟ್ಟೆ.

"ಅರೆ ವಾಹ್! ಇದನ್ನೇ ಮುಖಪುಟಕ್ಕ ಹಾಕ್ರಿ. ಯಾರು ಹೊಲ್ದಾರ್ರಿ?"

ಹೇಳಬೇಕಿತ್ತು. ಆದರೆ ನಮ್ಮವ್ವ ಸಾಲಿ ಟೀಚರ್ ಎಂದು ಎಲ್ಲರ ಮುಂದೆ ಬುರುಡೆ ಬಿಟ್ಟಿದ್ದೆನಲ್ಲ! "ಗೊತ್ತಿಲ್ರಿ ಮೇಡಂ, ಸಂತಪುರದಾಗ ಸಿಕ್ತು," ಎಂದೆ. ನಡುವಿನ ಖಾಕಿ ತುಂಡು ನನ್ನ ಶಾಲೆಯ ಚಡ್ಡಿಯದು. ಚಂದ ಕಾಣುವುದಿಲ್ಲವೆಂದು ಕಂಪ್ಯೂಟರಿನಲ್ಲಿ ಅದಕ್ಕೆ ಕೆಂಪು ಬಳಿದೆ. "ಹೊಲಿದವರು ತಿಳಿದಿಲ್ಲ" ಎಂದು ಕೆಳಗೆ ಟೈಪ್ ಮಾಡಿದ್ದೂ ಇದೇ ಕೈ. ಥೂ ನನ್ನ ಜನ್ಮಕ್ಕಿಷ್ಟು!

ಉದ್ಘಾಟನೆಯ ದಿನವೇ ಅವ್ವ ಕೌದಿ ಒಗೆಯಲೆಂದು ನನ್ನ ಕೋಣೆಗೆ ಬಂದಿದ್ದಾಳೆ. ಅದು ಮ್ಯೂಸಿಯಂನಲ್ಲಿದೆ ಎಂದು ಮನೆಯೊಡತಿ ಸಿದ್ದೇಶ್ವರಿ ಹೇಳಿಬಿಟ್ಟಿದ್ದಾರೆ. ಅವ್ವ ಹಿಗ್ಗಿ ಹೀರೇಕಾಯಿಯಾಗಿ ನೇರ ಅಲ್ಲಿಗೇ ಬಂದಳು. ನಾನು ಅಲ್ಲೇ ಪುಸ್ತಿಕೆಗಳ ಕಟ್ಟು ಬಿಚ್ಚುತ್ತಿದ್ದೆ.

ಆಬೇದಾ ಮೇಡಂ ಅವಳ ಕೈಗೂ ಒಂದು ಪುಸ್ತಿಕೆ ಕೊಟ್ಟರು. ಅವ್ವನಿಗೆ ಓದು ಬಾರದು. ಮುಖಪುಟದ ಮೇಲೆ ಹೆಬ್ಬೆರಳು ಆಡಿಸಿ, ಆ ಕೆಂಪು ಬಂದಲ್ಲಿ ನಿಲ್ಲಿಸಿದಳು.

"ಇಲ್ಲಿ ಯಾರ ಹೆಸರು ಬರ್ದಾರ್ರಿ?"

"ಹೊಲಿದವರು ತಿಳಿದಿಲ್ಲ ಅಂತ ಅದರಿ. ಯಾಕ ಅಮ್ಮಾ, ನಿಮಗ ಗೊತ್ತೇನ್ರಿ?"

ಅವ್ವ ನನ್ನತ್ತ ನೋಡಿದಳು. ನಾನು ತಲೆ ತಗ್ಗಿಸಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು.

"ಇಲ್ರಿ ಅಕ್ಕೋರ," ಎಂದಳು. "ಯಾರು ಹೊಲ್ದಾರೋ ಏನೋ. ಛಂದ ಹೊಲ್ದಾರ್ರಿ."

ಬಸ್ ಸ್ಟ್ಯಾಂಡಿನವರೆಗೆ ಅವಳ ಹಿಂದೆ ಹೋದೆ. ಬೈದಿದ್ದರೆ, ಎರಡೇಟು ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ನಮ್ಮೂರ ಮೇಲೆ ಹೋಗುವ ಔರಾದ ಬಸ್ ಹತ್ತುವಾಗ ಇಷ್ಟೇ ಕೇಳಿದಳು: "ಕೌದಿ ಕೊಟ್ಟುಬಿಟ್ಟಿ, ಥಂಡ್ಯಾಗ ಏನು ಹೊಚ್ಕೋತಿ? ಬ್ಯಾರೆ ಹೊಲ್ದು ಕಳಿಸ್ತೇನಿ."

ತಿಂಗಳೊಳಗೆ ಹೊಸ ಕೌದಿ ಬಂತು. ಮೂಲೆ ಮುಟ್ಟಿ ನೋಡಿದೆ. ಕಾಳು ಇವೆ. ನಿದ್ದೆ ಮಾತ್ರ ಹತ್ತುತ್ತಿಲ್ಲ.