ಚಿಕ್ಕ ಕೈಯಲ್ಲಿ ಅಳೆದ ಮೊಳ ಹೂವು

ಕಬ್ಬಿನವನನ್ನು ಮುಕ್ಕಾಲು ಪಾಲು ದಾರಿಗೆ ತಂದಿದ್ದೆ. ಇನ್ನೊಂದು ಸಲ ‘ಬೇಡಪ್ಪಾ’ ಅಂದು ನಾಲ್ಕು ಹೆಜ್ಜೆ ಮುಂದೆ ಹಾಕಿದ್ದರೆ ಅವನೇ ಕೂಗಿ ಕರೆದು ಕೊಡುತ್ತಿದ್ದ. ಅಷ್ಟರಲ್ಲಿ ಫೋನು ಬಡಕೊಂಡಿತು.

“ವಸಂತಾ ಅವರೇ, ನಿಮ್ಮ ಕಥೆಯಲ್ಲಿ ತಮಿಳು ಸಿಕ್ಕಿದೆ!”

ಸಾರಿನಲ್ಲಿ ಕೂದಲು ಸಿಕ್ಕಿದವರ ದನಿ. ನಮ್ಮ ಶೇಷಾದ್ರಿ ಸಾರ್.

ಭೋಗಿಯ ಸಂಜೆ, ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹೊರಗಿನ ನೂಕುನುಗ್ಗಲು. ಒಂದು ಕೈಯಲ್ಲಿ ಅರಿಶಿನದ ಗಿಡ, ಇನ್ನೊಂದರಲ್ಲಿ ಫೋನು, ಎದುರಿಗೆ ನನ್ನ ಮುಖವನ್ನೇ ಓದುತ್ತಿರುವ ಕಬ್ಬಿನವನು. ಇಂಥ ಹೊತ್ತಿನಲ್ಲಿ ಸಾಹಿತ್ಯ ಚರ್ಚೆ ಆಗುತ್ತದಾ?

“ಏನು ಬೇಕಾದ್ರೂ ಮಾಡಿ ಸಾರ್” ಅಂದುಬಿಟ್ಟೆ.

ಕಬ್ಬಿನವನಿಗೆ ಕನ್ನಡ ಬರುವುದಿಲ್ಲ. ಆದರೆ ಸೋತವರ ದನಿ ಯಾವ ಭಾಷೆಯಲ್ಲಿದ್ದರೂ ವ್ಯಾಪಾರಿಗೆ ಗೊತ್ತಾಗುತ್ತದೆ. ತಾನು ಮೊದಲು ಹೇಳಿದ ರೇಟಿಗೇ ಕಬ್ಬು ಕಟ್ಟಿ ನನ್ನ ಕಂಕುಳಿಗೆ ತುರುಕಿದ. (ಸಲಹೆ: ಚೌಕಾಸಿ ಮಾಡುವಾಗ ಫೋನ್ ಎತ್ತಬೇಡಿ. ಎತ್ತಿದರೂ ಸಾಹಿತಿಗಳದ್ದು ಎತ್ತಲೇಬೇಡಿ.)

ಕಬ್ಬು ಹಾಳಾಗಲಿ. ಅವತ್ತು ನಾನು ಬಿಟ್ಟುಕೊಟ್ಟದ್ದು ಅದಕ್ಕಿಂತ ದೊಡ್ಡದು ಅಂತ ತಿಳಿದದ್ದು ಮಾರನೆಯ ದಿನ.

ಹಳೆಯ ಓದುಗರಿಗೆ ನನ್ನ ಕಥೆ ಗೊತ್ತು. ಹೊಸಬರಿಗೆ ಎರಡು ಮಾತು. ಮಂಡ್ಯದ ಕಡೆಯವಳು. ಚೆನ್ನೈಗೆ ಬಂದ ಹೊಸದರಲ್ಲಿ ಫ್ಲಾಟಿನ ಮೆಟ್ಟಿಲ ಕೆಳಗೆ ಮಿಷನ್ ಇಟ್ಟುಕೊಂಡು ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದೆ. ಈಗ ಅದೇ ಬೀದಿಯಲ್ಲಿ ನನ್ನದೊಂದು ಬ್ಲೌಸ್ ಅಂಗಡಿ ಇದೆ. ಏನು ತಗೊಂಡರೂ ಅಳೆದೇ ತಗೊಳ್ಳುತ್ತೇನೆ. ಸಲಹೆ ಮಾತ್ರ ಅಳೆಯದೆ ಕೊಡುತ್ತೇನೆ, ಕೇಳದವರಿಗೂ.

ಬಿಡುವಾದಾಗ ಬರೆಯುವ ಚಟ. ಹಾಗಾಗಿ ‘ಕೂವಂ ತೀರದ ಕಥೆಗಾರರು’ ಎಂಬ ವಾಟ್ಸಾಪ್ ಗುಂಪಿಗೆ ಸೇರಿದೆ. (ಹೆಸರು ಕೇಳಿ ಮೂಗು ಮುಚ್ಚಿಕೊಳ್ಳಬೇಡಿ. ಗುಂಪಿನೊಳಗೆ ಆ ಹೊಳೆಯ ವಾಸನೆ ಇಲ್ಲ.) ಚೆನ್ನೈಯ ಮೂಲೆಮೂಲೆಯಲ್ಲಿ ಕೂತು ಕನ್ನಡದಲ್ಲಿ ಬರೆಯುವವರೆಲ್ಲ ಅಲ್ಲಿದ್ದೇವೆ. ಪೋರೂರಿನ ಶೇಷಾದ್ರಿ ಸಾರ್ ಅಡ್ಮಿನ್. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ನಾವು ‘ಗುಡ್ ಮಾರ್ನಿಂಗ್’ ಹಾಕಿದರೆ ‘ಶುಭೋದಯ ಎನ್ನಬಹುದಲ್ಲವೇ’ ಎಂದು ಕೆಳಗೆ ಬರೆಯುತ್ತಾರೆ.

ಊರಿನಲ್ಲಾದರೆ ಸಂಕ್ರಾಂತಿಗೆ ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರುತ್ತಾರೆ. ಇಲ್ಲಿ ಪಕ್ಕದ ಫ್ಲಾಟಿನವರಿಗೆ ಎಳ್ಳು ಬೆಲ್ಲ ಕೊಟ್ಟರೆ, ‘ಏನು, ಮನೆಯಲ್ಲಿ ವಿಶೇಷಾನಾ?’ ಅಂತ ಗಾಬರಿಯಿಂದ ಕೇಳುತ್ತಾರೆ. ಅದಕ್ಕೇ ನಮ್ಮ ಗುಂಪಿನಲ್ಲಿ ಕಥೆ ಬೀರುತ್ತೇವೆ. ಎಂಥ ಕಥೆ ಬೇಕು ಅಂತ ಪ್ರತಿಯೊಬ್ಬರೂ ಅಡ್ಮಿನ್‌ಗೆ ಹೇಳಬೇಕು. ಅವರು ಚೀಟಿ ಎತ್ತಿ ಒಬ್ಬರ ಆಸೆಯನ್ನು ಇನ್ನೊಬ್ಬರಿಗೆ ಹಂಚುತ್ತಾರೆ. ಬರೆದ ಕಥೆ ಮತ್ತೆ ಅವರ ಕೈಗೇ ಹೋಗಬೇಕು, ಬರೆದವರ ಹೆಸರು ಗುಟ್ಟಾಗಿರಲಿ ಅಂತ. ಹಬ್ಬದ ಬೆಳಿಗ್ಗೆ ಕೇಳಿದವರಿಗೆ ಕಥೆ ತಲುಪುತ್ತದೆ. ಬರೆದವರು ಯಾರು ಅಂತ ಬಯಲಾಗುವುದು ರಥಸಪ್ತಮಿಗೆ.

ಈ ಸಲ ನನಗೆ ಬಂದದ್ದು ಮಾಧವರಂನ ರುಕ್ಮಿಣಿ ಮಾಮಿಯ ಆಸೆ.

ಮಾಮಿಯ ಮನೆತನ ಮದರಾಸಿಗೆ ಬಂದು ತಲೆಮಾರುಗಳಾದವು. ಅವರ ಕನ್ನಡದಲ್ಲಿ ಎರಡು ಮಾತಿಗೊಂದು ತಮಿಳು. ಹಾಗಂತ ಅವರಿಗೆ ಗೊತ್ತೇ ಇಲ್ಲ. ‘ನಾನು ಪೇಸೋದು ಶುದ್ಧ ಕನ್ನಡ’ ಅಂತ ಗಟ್ಟಿಯಾಗಿ ಹೇಳುತ್ತಾರೆ! ಮನೆಯಲ್ಲಿ ಅವರ ಜೊತೆ ಕನ್ನಡ ಆಡುತ್ತಿದ್ದವರು ಯಜಮಾನರೊಬ್ಬರೇ. ಹೋದ ವರ್ಷ ಅವರೂ ಹೋದರು. ಮಗ, ಸೊಸೆ ಒಳ್ಳೆಯವರೇ, ಆದರೆ ಇಬ್ಬರ ಮಾತೂ ತಮಿಳಿನಲ್ಲಿ. ಒಂಬತ್ತು ವರ್ಷದ ಮೊಮ್ಮಗಳು ನಿತ್ಯಾ ಸದಾ ಪಾಟಿಯ ಸೆರಗಿನಲ್ಲೇ ಇರುತ್ತಾಳೆ. ಪಾಟಿ ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳು, ಇಲ್ಲವೇ ಇಂಗ್ಲಿಷು.

ಮಾಮಿ ಅಡ್ಮಿನ್‌ಗೆ ಕಳಿಸಿದ್ದ ವಾಯ್ಸ್ ಮೆಸೇಜು ನನಗೆ ಬಂತು. “ನನಗೆ ದೊಡ್ಡ ಕಥೆಯೆಲ್ಲ ಬೇಡ. ನಾನು ಓದೋವಾಗ ನಮ್ಮ ನಿತ್ಯಾ ನಡುವೆ ಬಾಯಿ ಹಾಕ್ಬೇಕು. ಕನ್ನಡದಲ್ಲಿ. ಒಂದೇ ಒಂದು ದರವೆ ಸಾಕು. ಮನೇಲಿ ಕೇಳೋರು ಇದಾರೆ, ಮಾತಿಗೆ ಮಾತು ಕೊಡೋರು ಇಲ್ಲ.”

ದರವೆ ಅಂದರೆ ಸಲ. ಒಂದೇ ಒಂದು ಸಲ! ಇಷ್ಟು ಕಮ್ಮಿ ಕೇಳಿದ ಗಿರಾಕಿಯನ್ನು ನಾನು ನೋಡೇ ಇಲ್ಲ.

ಇದೊಂಥರಾ ವ್ಯಾಪಾರದ ಸಮಸ್ಯೆ ಅನ್ನಿಸಿತು. ಬಾಯಿ ಬಿಡದ ಗಿರಾಕಿಯ ಬಾಯಿ ಬಿಡಿಸುವುದು ಹೇಗೆ? ನನ್ನ ಅನುಭವ ಕೇಳಿ. ‘ಏನು ಬೇಕಮ್ಮಾ’ ಅಂತ ಹತ್ತು ಸಲ ಉಪಚಾರ ಮಾಡಿದರೂ ತುಟಿ ಪಿಟಕ್ಕೆನ್ನದವರು, ಅವರ ಕಣ್ಣೆದುರಿಗೆ ಟೇಪನ್ನು ಒಂಚೂರು ತಪ್ಪಾಗಿ ಹಿಡಿದರೆ ಸಾಕು, ಹೌಹಾರಿ ಮಾತಾಡುತ್ತಾರೆ. ಮನುಷ್ಯನಿಗೆ ಉಪದೇಶ ಕೇಳಿ ಸುಮ್ಮನಿರಲು ಬರುತ್ತದೆ. ಕಣ್ಣೆದುರಿನ ಮೋಸ ನೋಡಿಕೊಂಡು ಸುಮ್ಮನಿರಲು ಬರುವುದಿಲ್ಲ.

ಹಾಗಾಗಿ ಒಬ್ಬ ಪೆದ್ದಿಯ ಕಥೆ ಬರೆದೆ. ಗೌರಿ ಅಂತ ಹೆಸರು. ಚೆನ್ನೈಗೆ ಹೊಸಬಳು. ಆಟೋದವನು ಕೇಳಿದಷ್ಟು ಕೊಟ್ಟು ಥ್ಯಾಂಕ್ಸ್ ಹೇಳುತ್ತಾಳೆ. ಕೊನೆಗೆ ಹೂವಿಗೆ ಬರುತ್ತಾಳೆ. ಇಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಕೊಡುವುದು ನಿಮಗೆ ಗೊತ್ತಲ್ಲ? ಬೆರಳ ತುದಿಯಿಂದ ಮೊಳಕೈವರೆಗೆ ಒಂದು ಮೊಳ. ನನ್ನ ಕಥೆಯ ಪೂಕಾರಮ್ಮ ಏನು ಮಾಡುತ್ತಾಳೆ? ಅಳೆಯಲು ತನ್ನ ಪುಟ್ಟ ಮಗಳನ್ನು ಕರೆಯುತ್ತಾಳೆ. ಆ ಮಗುವಿನ ಚೋಟುದ್ದದ ಕೈ! ಗೌರಿ ಹಲ್ಲು ಕಿರಿದುಕೊಂಡು ನಿಂತಿರುತ್ತಾಳೆ.

ಇದನ್ನೆಲ್ಲ ಮಾಮಿ ಮಾತಾಡುವ ಭಾಷೆಯಲ್ಲೇ ಬರೆದಿದ್ದೆ. ಅಜ್ಜಿ ಅನ್ನದೆ ಪಾಟಿ. ಹೂ ಮಾರುವವಳು ಪೂಕಾರಮ್ಮ. ಚೌಕಾಸಿಗೆ ಬೇರಂ. ಆ ಮಗು ಹುಟ್ಟಿದಾಗಿನಿಂದ ಕೇಳಿದ ಕನ್ನಡ ಅದೇ ತಾನೇ?

ಅದನ್ನೇ ಶೇಷಾದ್ರಿ ಸಾರ್ ಹಿಡಿದದ್ದು. ‘ಏನು ಬೇಕಾದ್ರೂ ಮಾಡಿ’ ಅಂತ ನಾನೇ ಅಂದಿದ್ದೆನಲ್ಲ, ರಾತ್ರಿ ಕೂತು ಮಾಡಿದ್ದರು.

ಸಂಕ್ರಾಂತಿ ಸಂಜೆ ಗುಂಪಿನಲ್ಲಿ ಮಾಮಿಯ ವಾಯ್ಸ್ ಮೆಸೇಜು. “ಕಥೆ ಬಂತು. ಭಾಳ ಘನವಾಗಿದೆ. ಯಾರೋ ದೊಡ್ಡ ಪಂಡಿತರು ಬರೆದಿರ್ಬೇಕು, ಅವರಿಗೆ ನಮಸ್ಕಾರ. ನಿತ್ಯಾಗೆ ಪುರಿಯಲಿಲ್ಲ, ತಲೆಗೇ ಹೋಗಲಿಲ್ಲ. ಎದ್ದು ಟೀವಿ ಹಾಕ್ಕೊಂಡಳು. ಪರವಾಗಿಲ್ಲ, ಮಗು ತಾನೇ.”

ಆ ‘ಪರವಾಗಿಲ್ಲ’ ಇದೆಯಲ್ಲ, ಅದು ಬೇಸರ ನುಂಗಿಕೊಂಡವರ ಪರವಾಗಿಲ್ಲ.

ಪಂಡಿತರಾ? ನಾನಾ? ಕೂಡಲೇ ಶೇಷಾದ್ರಿ ಸಾರ್‌ಗೆ ಫೋನ್ ಹಚ್ಚಿ, ಅವರು ಕಳಿಸಿದ್ದನ್ನು ತರಿಸಿಕೊಂಡು ಓದಿದೆ. ಪೂಕಾರಮ್ಮ ‘ಪುಷ್ಪ ವ್ಯಾಪಾರಿ’ ಆಗಿದ್ದಳು. ಆಟೋ ‘ತ್ರಿಚಕ್ರ ವಾಹನ’. ಬೇರಂ ಏನಾಗಿತ್ತು ಗೊತ್ತಾ? ‘ದರ ನಿಷ್ಕರ್ಷೆ’! ನನ್ನ ಗೌರಿ ಹೂವು ಕೊಳ್ಳಲು ಹೋಗಿದ್ದಳೋ, ಬ್ಯಾಂಕಿಗೆ ಸಾಲ ಕೇಳಲು ಹೋಗಿದ್ದಳೋ?

“ಸಾರ್, ನಿಮ್ಮ ಕಥೆ ಚೆನ್ನಾಗಿದೆ” ಅಂದೆ.

“ಅದು ನಿಮ್ಮ ಕಥೆ ಅಲ್ವೇ?”

“ಇತ್ತು.”

ಸಾರ್ ತಗ್ಗಿದ ದನಿಯಲ್ಲಿ ಹೇಳಿದರು. “ನಮ್ಮ ಮನೇಲೂ ಹೀಗೇ ಶುರುವಾಗಿದ್ದು ವಸಂತಾ ಅವರೇ. ಒಂದು ಪದ ತಾನೇ ಅಂತ ಬಿಟ್ವಿ. ಇನ್ನೊಂದು ತಾನೇ ಅಂತ ಬಿಟ್ವಿ. ಈಗ ಊಟದ ಟೇಬಲ್ಲಿನಲ್ಲಿ ನಾನೊಬ್ಬನೇ ಕನ್ನಡದವನು. ಅದಕ್ಕೇ ಬಾಗಿಲಲ್ಲಿ ಕಾವಲು ನಿಂತಿದ್ದೀನಿ.”

ಬೈಯಲು ಜೋಡಿಸಿಟ್ಟಿದ್ದ ಮಾತನ್ನು ಬದಿಗಿಟ್ಟೆ. ಪೋರೂರಿನಲ್ಲೂ ಇನ್ನೊಬ್ಬ ರುಕ್ಮಿಣಿ ಮಾಮಿ, ಪ್ಯಾಂಟು ಹಾಕಿಕೊಂಡು!

ಆದರೆ ಕರಗಿದರೆ ವ್ಯಾಪಾರ ಕೆಡುತ್ತದೆ. “ಸಾರ್, ಕಾವಲು ನಿಲ್ಲಿ. ಒಳಗೆ ಬರೋ ಮಗೂನೂ ತಡೆದರೆ ಹೇಗೆ? ನಾನು ಬರೆದ ಹಾಗೇ ಇನ್ನೊಂದು ಸಲ ಕಳಿಸಿ.”

“ಕಥೆ ಹಂಚೋ ಹೊತ್ತು ಮುಗಿದುಹೋಯಿತಲ್ಲ. ಒಬ್ಬರಿಗೆ ಒಂದೇ ಕಥೆ, ಹಬ್ಬದ ಬೆಳಿಗ್ಗೆಯೇ. ನಿಯಮ.”

“ಎಳ್ಳು ಯಾವಾಗಿನವರೆಗೆ ಬೀರಬಹುದು ಸಾರ್? ನಿಮ್ಮ ಅಮ್ಮ ಏನು ಹೇಳ್ತಿದ್ರು?”

“...ರಥಸಪ್ತಮಿವರೆಗೆ.”

“ಹಾಗಾದ್ರೆ ಇನ್ನೂ ಟೈಮಿದೆ. ನೀವೂ ಬನ್ನಿ. ಮಗು ಬಾಯಿ ಬಿಡದಿದ್ದರೆ ಮುಂದಿನ ವರ್ಷದಿಂದ ನನ್ನ ಆಟೋವನ್ನೆಲ್ಲ ತ್ರಿಚಕ್ರ ಮಾಡಿಕೊಳ್ಳಿ. ಜಗಳ ಆಡಲ್ಲ.”

ಎದುರಾಳಿಯ ಅಮ್ಮನನ್ನು ನಮ್ಮ ಕಡೆಗೆ ಎಳೆದುಕೊಂಡರೆ ಅರ್ಧ ಗೆದ್ದ ಹಾಗೆ. (ಇದೂ ಸಲಹೆಯೇ.)

ಭಾನುವಾರ ಎಳ್ಳಿನ ಡಬ್ಬಿ, ಸಕ್ಕರೆ ಅಚ್ಚು ಹಿಡಿದು ಮಾಧವರಂಗೆ ಹೋದೆವು. ಬಾಗಿಲು ತೆಗೆದ ಮಾಮಿಗೆ ಸಂಭ್ರಮ. “ವಾಂಗೋ ವಾಂಗೋ, ಬನ್ನಿ! ಅಡ್ಮಿನ್ನೂ ಬಂದಿದಾರೆ! ನನ್ನ ಗ್ರೂಪಿಂದ ತೆಗೆದುಹಾಕೋಕೆ ಬಂದ್ರಾ?”

“ಛೆ ಛೆ, ಮೊನ್ನೆ ಕಳಿಸಿದ್ದರಲ್ಲಿ ಸ್ವಲ್ಪ... ತಪ್ಪಾಗಿತ್ತು. ಸರಿಯಾದದ್ದು ಈಗ ಕಳಿಸ್ತಿದ್ದೀನಿ” ಅಂದರು ಶೇಷಾದ್ರಿ ಸಾರ್. ಆ ‘ತಪ್ಪಾಗಿತ್ತು’ ಅನ್ನುವಾಗ ಅವರ ಮುಖ ನೋಡಬೇಕಿತ್ತು.

ನಿತ್ಯಾ ಸೋಫಾದ ತುದಿಯಲ್ಲಿ ಕಾಲು ಮಡಚಿ ಕೂತು ಮೊಬೈಲಿನಲ್ಲಿ ಮುಳುಗಿದ್ದಳು. ಸಕ್ಕರೆ ಅಚ್ಚಿನ ಗಿಣಿ ಕೊಟ್ಟೆ. “ಥ್ಯಾಂಕ್ಯೂ ಆಂಟಿ” ಅಂದು ಗಿಣಿಯ ತಲೆ ಕಚ್ಚಿ ಮತ್ತೆ ಮುಳುಗಿದಳು.

ಮಾಮಿ ಕನ್ನಡಕ ಏರಿಸಿ, ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡು ಓದಲು ಶುರುಮಾಡಿದರು. ಎರಡು ಸಾಲು ಓದುವಷ್ಟರಲ್ಲಿ ದನಿಯೇ ಬದಲಾಯಿತು. ಓದುತ್ತಿರಲಿಲ್ಲ, ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. ಆಟೋದವನು ಬಂದ. ಗೌರಿ ಕೇಳಿದಷ್ಟು ಕೊಟ್ಟಳು. ನಿತ್ಯಾಳ ಹೆಬ್ಬೆರಳು ಮೊಬೈಲಿನ ಮೇಲೆ ನಿಂತಿತು.

ನಾನು ಎಳ್ಳಿನ ಡಬ್ಬಿಯ ಮುಚ್ಚಳ ತೆಗೆಯುವುದು, ಮುಚ್ಚುವುದು ಮಾಡುತ್ತಾ ಕೂತೆ. ಅಂಗಡಿ ಶುರುಮಾಡಿದ ದಿನವೂ ನನಗೆ ಹೀಗಾಗಿರಲಿಲ್ಲ.

ಪೂಕಾರಮ್ಮ ಬಂದಳು. ಮಗಳನ್ನು ಕರೆದಳು. ಆ ಪುಟ್ಟಿ ಕೈ ಚಾಚಿ ಹೂವು ಅಳೆಯಿತು. ಗೌರಿ ಪರ್ಸು ತೆಗೆದಳು...

“ಅಯ್ಯೋ ಪಾಟಿ, ಬೇಡ! ಕಾಸು ಕೊಡಬೇಡ ಅನ್ನು!”

ಸೋಫಾದ ಮೇಲೆ ಎದ್ದು ನಿಂತಿದ್ದಳು ನಿತ್ಯಾ. “ಅವಳ ಕೈ ಚಿಕ್ಕದು! ಏಮಾತ್ತಾ ಇದಾರೆ! ದೊಡ್ಡ ಕೈಲಿ ಅಳೀಬೇಕು, ಸೊಲ್ಲು ಪಾಟಿ, ಹೇಳು!”

ಏಮಾತ್ತಾ ಇದಾರೆ ಅಂದರೆ ಮೋಸ ಮಾಡುತ್ತಿದ್ದಾರೆ. ತಮಿಳಿನ ಮೋಸಕ್ಕೆ ಕನ್ನಡದ ಬಾಲ! ಶೇಷಾದ್ರಿ ಸಾರ್ ಬಾಯಿ ತೆರೆದರು. ಇಷ್ಟು ವರ್ಷದ ಅಭ್ಯಾಸ, ಪಾಪ. ನಾನು ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಅವರ ಅಂಗೈಗೆ ಸುರಿದೆ. “ಎಳ್ಳು ಬೆಲ್ಲ ತಿನ್ನಿ ಸಾರ್. ಒಳ್ಳೇ ಮಾತಾಡಿ.”

ತಿಂದರು. ತುಂಬಾ ಹೊತ್ತು ಅಗಿದರು.

ಮಾಮಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿ, ಕಿವಿಗೆ ಕೈ ಹಚ್ಚಿದರು. “ಏನಂದೆ ಕಣ್ಣಾ? ಕೇಳಿಸಲಿಲ್ಲ.”

ಮಾಮಿಯ ಕಿವಿ ನನಗೆ ಗೊತ್ತಿಲ್ಲವಾ? ಕೆಳಗಿನ ಫ್ಲಾಟಿನ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಇಲ್ಲಿಂದ ಹೇಳುವವರು. ನಿತ್ಯಾ ಇನ್ನೂ ಗಟ್ಟಿಯಾಗಿ ಹೇಳಿದಳು. ಮಾಮಿ ಮತ್ತೆ “ಆಂ?” ಅಂದರು. ಕೇಳಿದ್ದು ಒಂದೇ ಒಂದು ಸಲ, ವಸೂಲು ಮಾಡಿಕೊಂಡದ್ದು ಮೂರು ಸಲ. ಪರವಾಗಿಲ್ಲ, ಮಾಮಿಯನ್ನು ನಮ್ಮಂಥ ವ್ಯಾಪಾರದ ಜಾಣೆಯರ ಸಾಲಿಗೆ ಸೇರಿಸಿಕೊಳ್ಳಬಹುದು.

“ಹಾಗಾದ್ರೆ ಯಾರ ಕೈಲಿ ಅಳೆಯೋಣ?” ಇದನ್ನು ಕೇಳಿದವರು ಶೇಷಾದ್ರಿ ಸಾರ್.

ನಿತ್ಯಾ ನಮ್ಮ ಮೂವರ ಕೈಯನ್ನೂ ದಿಟ್ಟಿಸಿ ನೋಡಿದಳು. “ತಾತಾ ಕೈ! ಉದ್ದ ಇದೆ.”

ಆ ಮನುಷ್ಯ ಅಂಗಿಯ ತೋಳು ಮೇಲೆ ಸರಿಸಿ, ಕೈ ನೀಡಿ ಕೂತರು. ನಿತ್ಯಾ ದೇವರ ಮನೆಯಿಂದ ಮಲ್ಲಿಗೆಯ ಸರ ತಂದು, ಅವರ ಬೆರಳ ತುದಿಯಿಂದ ಮೊಳಕೈವರೆಗೆ ಹಿಡಿದು ನೋಡಿದಳು. ಆಮೇಲೆ ತನ್ನ ಕೈಗೆ ಹಿಡಿದಳು. “ನೋಡು ಪಾಟಿ, ಎಷ್ಟು ಕಮ್ಮಿ!” ಸಾರ್ ಕೈ ಇಳಿಸಲೇ ಇಲ್ಲ. ಕಣ್ಣು ಮಾತ್ರ ಅತ್ತ ತಿರುಗಿಸಿಕೊಂಡರು.

ಕಾಫಿ ಲೋಟ ಇಡಲು ಅಡುಗೆಮನೆಗೆ ಹೋದಾಗ ಮಾಮಿ ನನ್ನ ಕೈ ಹಿಡಿದುಕೊಂಡರು. “ಕಥೆ ಬರೆದವರ ಹೆಸರು ಈಗ ಕೇಳಬಾರದು ಅಲ್ವಾ? ಕೇಳಲ್ಲ. ಆದ್ರೆ ಅಳತೇಲಿ ಹೀಗೆಲ್ಲ ಮೋಸ ಮಾಡಬಹುದು ಅಂತ ಬ್ಲೌಸ್ ಹೊಲಿಯೋರಿಗಲ್ಲದೆ ಬೇರೆ ಯಾರಿಗೆ ತೆರಿಯುತ್ತೆ?”

“ನಾನು ಮೋಸ ಮಾಡಲ್ಲ ಮಾಮಿ!”

“ಮಾಡ್ತೀಯಾ ಅಂದ್ನಾ? ಗೊತ್ತಿದೆ ಅಂದೆ.” ಕೈ ಮಾತ್ರ ಬಿಡಲಿಲ್ಲ.

ವಾಪಸು ಬರುವಾಗ ಗೇಟಿನ ಹತ್ತಿರ ಆಟೋಗೆ ಕಾಯುತ್ತಿದ್ದೆವು. ಮೇಲಿನ ಬಾಲ್ಕನಿಯಿಂದ ನಿತ್ಯಾಳ ದನಿ ಕೇಳುತ್ತಲೇ ಇತ್ತು. ಗೌರಿ ಮನೆಗೆ ಹೋದಳಾ, ಅವಳ ಪಾಟಿ ಬೈದರಾ, ಅಂತ ಅರ್ಧ ಆ ಭಾಷೆ ಅರ್ಧ ಈ ಭಾಷೆಯಲ್ಲಿ ಕೇಳುತ್ತಿದ್ದಳು. ಮಾಮಿ ಕಥೆಯಲ್ಲಿ ಇಲ್ಲದ್ದನ್ನೆಲ್ಲ ಸೇರಿಸಿ ಹೇಳುತ್ತಿದ್ದರು.

ಶೇಷಾದ್ರಿ ಸಾರ್ ಬಹಳ ಹೊತ್ತು ತಡೆದುಕೊಂಡಿದ್ದರು. ಕೊನೆಗೂ ಆಗಲಿಲ್ಲ. “ಎಲ್ಲಾ ಸರಿ ವಸಂತಾ ಅವರೇ, ಆದ್ರೆ ಮಗು ಆಡಿದ್ದರಲ್ಲಿ ಕಾಲು ಭಾಗ ತಮಿಳಿತ್ತು ಅಲ್ವೇ?”

“ಸಾರ್, ಅದು ಬೋಣಿ. ಬೋಣಿಗೆ ಬಂದ ಗಿರಾಕಿಯನ್ನು ಯಾರಾದರೂ ವಾಪಸು ಕಳಿಸ್ತಾರಾ?”