ಕೈ ಈಚೆ ಬಂತು

ನಮ್ಮಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಸೇರಿಸಿ ಬೆರಳು ಒತ್ತುತ್ತಿದ್ದರು. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಟವೆಲ್ ಮಾತ್ರ. ಮೂರನೆಯವನು ಇಣುಕುತ್ತಿದ್ದಾನೆ ಅನಿಸಿದರೆ ಅಪ್ಪ ಕೈ ಎಳೆದುಕೊಳ್ಳುತ್ತಿದ್ದರು, ವ್ಯಾಪಾರ ಅಲ್ಲಿಗೆ ನಿಲ್ಲುತ್ತಿತ್ತು. ಅದಕ್ಕೆ ನಮ್ಮ ಮನೆಯ ಮಾತು ‘ಕೈ ಈಚೆ ಬಂತು’. ಬಂದ ಸಂಬಂಧ ತಪ್ಪಿದರೂ, ಸಿನಿಮಾಕ್ಕೆ ಹೋಗುವುದು ನಿಂತರೂ ನಾವು ಅದನ್ನೇ ಹೇಳುತ್ತಿದ್ದೆವು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಕೋಲಾರದಲ್ಲಿ ಕಂಪ್ಯೂಟರ್ ಓದುತ್ತಿದ್ದ ನಾನು ಪ್ರಾಜೆಕ್ಟಿಗೆ ಆರಿಸಿಕೊಂಡದ್ದೂ ಒಂದು ಬಗೆಯ ಟವೆಲ್ ವ್ಯಾಪಾರವೇ. ಎರಡು ಊರಿನ ಎರಡು ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಮು, ಒಂದೊಂದರ ಹೊಟ್ಟೆಯಲ್ಲೂ ಬೇರೆ ಬೇರೆ ಅಂಕಿ. ಅವು ಒಂದಕ್ಕೊಂದು ಕಳಿಸುವುದು ಬರೀ ಕೂಡು, ಕಳೆ ಚಿಹ್ನೆ. ಅದನ್ನು ನೋಡಿಕೊಂಡು ಎರಡೂ ತಮ್ಮ ಅಂಕಿ ತಿದ್ದಿಕೊಳ್ಳುತ್ತವೆ, ಒಂದರಿಂದೊಂದು ಕಲಿಯುತ್ತವೆ, ಕೊನೆಗೆ ಎರಡರಲ್ಲೂ ಒಂದೇ ಅಂಕಿಗಳು ಉಳಿಯುತ್ತವೆ. ಅದೇ ಗುಟ್ಟಿನ ಬೀಗದ ಕೈ, ಅದರಿಂದ ಮುಚ್ಚಿ ಕಳಿಸಿದ್ದನ್ನು ಅವೆರಡೇ ತೆರೆದು ಓದಬಲ್ಲವು. ಕದ್ದು ನೋಡುವವನೂ ಕಲಿಯಬಹುದು, ಆದರೆ ಅವನ ಮಾತಿಗೆ ಯಾರೂ ತಿದ್ದಿಕೊಳ್ಳುವುದಿಲ್ಲವಾದ್ದರಿಂದ ಅವನು ಹಿಂದೆ ಬೀಳುತ್ತಾನೆ.

ನನಗೆ ಅದು ಬೇಕಾಗಿದ್ದದ್ದು ಮಾರ್ಕ್ಸಿಗಿಂತ ಹೆಚ್ಚಾಗಿ ಅಕ್ಕನಿಗೆ. ಮುಳಬಾಗಿಲಿನ ಗಂಡನ ಮನೆಯಲ್ಲಿ ಏಟು ತಿಂದು ಸಾಕಾಗಿ ಅವಳು ಹೊರಟುಬಂದಿದ್ದಳು. ಮಾಲೂರಿನಲ್ಲಿ ಕಂಪ್ಯೂಟರ್ ಕಲಿಸಿಕೊಂಡು ಅಡಗಿದ್ದಳು. ಸಿಕ್ಕರೆ ಸಾಯಿಸುತ್ತೇನೆ ಎಂದು ಬಾವ ನಮ್ಮ ಜಗಲಿಯ ಮೇಲೆಯೇ ಹೇಳಿದ್ದ. ಅವನು ಆಡಿದ್ದನ್ನು ಮಾಡುವ ಪೈಕಿ. ಅಪ್ಪನೋ, ಹೆಣ್ಣುಮಗಳು ಗಂಡನ ಮನೆಗೇ ಹೋಗಿ ಬಾಳಲಿ ಅನ್ನುವವರು. ಹಾಗಾಗಿ ಅವಳಿರುವ ಊರನ್ನು ನಾನು ಅಪ್ಪನಿಗೂ ಹೇಳಿರಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ಅಕ್ಕ ಮನೆ ಬದಲಾಯಿಸಿದ್ದಳು, ಹೊಸ ವಿಳಾಸವನ್ನು ನನಗೆ ತಿಳಿಸಬೇಕಿತ್ತು. ಊರಲ್ಲಿದ್ದ ಒಂದೇ ಇಂಟರ್ನೆಟ್ ಅಂಗಡಿ ಬಾವನ ಸ್ನೇಹಿತನದು. ಅಲ್ಲಿ ಯಾರು ಏನು ಬರೆದರೂ ಗಲ್ಲಾ ಪಕ್ಕದ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಆ ದಿನ ಅದರ ಮುಂದೆ ಕೂತಿದ್ದವನು ಬಾವ. ಆದರೂ ಕೂತೆ, ನನ್ನ ಪ್ರೋಗ್ರಾಮಿನ ಮೇಲೆ ಅಷ್ಟು ನಂಬಿಕೆ.

ಆಗಲೇ ಕರೆಂಟು ಹೋಗಿ ಬಂತು. ಕಂಪ್ಯೂಟರುಗಳೆಲ್ಲ ಒಟ್ಟಿಗೆ ಎದ್ದವು. ನಾನು ಪ್ರೋಗ್ರಾಮು ಶುರುಮಾಡಿದೆ, ಮೊದಲೇ ಮಾತಾಡಿಕೊಂಡಂತೆ ಅತ್ತ ಮಾಲೂರಿನಲ್ಲಿ ಅಕ್ಕನೂ ತನ್ನ ಪ್ರತಿಯನ್ನು ಶುರುಮಾಡಿದಳು. ಚಿಹ್ನೆಗಳು ಓಡಾಡತೊಡಗಿದವು.

“ಏನಮ್ಮಾ, ನಿಂದೂ ನಂದೂ ಒಂದೇ ಲೆಕ್ಕ ಬರ್ತಿದೆಯಲ್ಲ” ಅಂದ ಬಾವ.

ತಿರುಗಿ ನೋಡಿದೆ. ಹಿಂದಿನ ಸಲ ನಾನು ಎದ್ದುಹೋದ ಮೇಲೆ ಅವನು ಪ್ರೋಗ್ರಾಮಿನ ನಕಲು ತೆಗೆದಿಟ್ಟುಕೊಂಡಿದ್ದ, ಈಗ ನನ್ನ ಜೊತೆಗೇ ಅದನ್ನು ಶುರುಮಾಡಿದ್ದ. ಅವನ ಪರದೆಯಲ್ಲಿ ನನ್ನವೇ ಅಂಕಿಗಳು, ಒಂದೂ ಬಿಡದೆ. ಮೊದಲ ಅಂಕಿಗಳನ್ನು ಪ್ರೋಗ್ರಾಮು ಕಂಪ್ಯೂಟರಿನ ಗಡಿಯಾರ ನೋಡಿ ಆರಿಸುತ್ತಿತ್ತು. ಆ ಅಂಗಡಿಯ ಹಳೆಯ ಕಂಪ್ಯೂಟರುಗಳಲ್ಲೋ ಒಳಗಿನ ಬ್ಯಾಟರಿಗಳು ಸತ್ತಿದ್ದವು. ಕರೆಂಟು ಬಂದಾಗಲೆಲ್ಲ ಎಲ್ಲವೂ ಅದೇ ಹಳೇ ತಾರೀಖು, ಅದೇ ಸೊನ್ನೆ ಗಂಟೆಯಿಂದ ಹೊರಡುತ್ತಿದ್ದವು. ಕದ್ದು ನೋಡುವವನು ಈಗ ಹಿಂದೆ ಬೀಳುವಂತಿರಲಿಲ್ಲ, ನನ್ನ ಪಕ್ಕದಲ್ಲೇ ಇದ್ದ.

ಇನ್ನೇನು ಬೀಗದ ಕೈ ಸಿದ್ಧವಾಗಿ ಅಕ್ಕ ವಿಳಾಸ ಕಳಿಸುತ್ತಾಳೆ. ನನ್ನ ಕಂಪ್ಯೂಟರ್ ಆಫ್ ಮಾಡಿದರೂ ಅವಳು ಕಳಿಸಿದ್ದು ಗಲ್ಲಾ ಪಕ್ಕಕ್ಕೆ ಬಂದೇ ಬರುತ್ತದೆ. ಬೇಡವೆಂದು ಬರೆದರೆ ಅವಳು ಆ ತುದಿಯಲ್ಲಿದ್ದಾಳೆಂದು ನಾನೇ ಹೇಳಿದಂತೆ. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ: ಅಪ್ಪನ ಕೈ ಈಚೆ ಬಂತು.

ಆ ಕಡೆ ಚಿಹ್ನೆಗಳು ನಿಂತವು. ಸ್ವಲ್ಪ ಹೊತ್ತಿಗೆ ಉತ್ತರ ಬಂತು, ಕೀಲು ತಪ್ಪಿದವರಿಗೆ ಹೇಳುವ ಹಾಗೆ: ಎಣ್ಣೆ ತಿಕ್ಕಿ. ಆಮೇಲೆ ಏನೂ ಬರಲಿಲ್ಲ.

ಬಾವ ಅದನ್ನು ಎರಡೆರಡು ಸಲ ಓದಿದ್ದನ್ನು ನೋಡಿದೆ. ಸಂಜೆ ಅವನ ಸ್ಕೂಟರ್ ನಮ್ಮ ಮನೆ ಮುಂದೆ ನಿಂತಿತು. ಅಪ್ಪನಿಗೆ ಏನನ್ನೂ ಹೇಳಲು ನನಗೆ ಸಮಯವಿರಲಿಲ್ಲ. ಅವರು ಆಗ ತಾನೇ ಮಂಡಿಯಿಂದ ಬಂದು ಜಗಲಿಯಲ್ಲಿ ಕೂತಿದ್ದರು.

“ಮಾವ, ಕೈ ಈಚೆ ಬಂತಂತೆ?” ಅಂದ ಬಾವ.

ಅಪ್ಪ ನನ್ನ ಮುಖ ನೋಡಿದರು. ಹೆಗಲ ಮೇಲಿದ್ದ ಟವೆಲು ತೊಡೆಗೆ ಬಂತು, ಎಡಗೈ ಅದರ ಕೆಳಗೆ ಹೋಯಿತು.

“ಹೂಂ ಕಣಪ್ಪ. ಬುಟ್ಟಿ ಎತ್ತೋಕ್ ಹೋಗಿ ಕೀಲು ತಪ್ಪೋಯ್ತು.”

“ತೋರ್ಸಿ.”

“ಕಟ್ಟು ಬಿಚ್ಚಬ್ಯಾಡ ಅಂದವ್ರೆ.”

ಬಾವ ಟವೆಲನ್ನೇ ನೋಡುತ್ತ ನಿಂತ. ಎಳೆದರೆ ಮುಗಿಯಿತು ಅಂದುಕೊಂಡೆ. ಹಣ್ಣಿನ ವ್ಯಾಪಾರ ಹೇಗಿದೆ ಎಂದು ಅಪ್ಪನೇ ಮಾತು ತೆಗೆದು ಆಡುತ್ತ ಹೋದರು. ಕೊನೆಗೆ ಅವನು ಹೊರಟ.

ಸ್ಕೂಟರಿನ ಸದ್ದು ಬಸ್ ಸ್ಟ್ಯಾಂಡ್ ದಾಟುವವರೆಗೂ ಅಪ್ಪ ಕೈ ಹೊರಗೆ ತೆಗೆಯಲಿಲ್ಲ. ಅಕ್ಕ ಎಲ್ಲಿದ್ದಾಳೆಂದು ಕೇಳಲಿಲ್ಲ.

“ಹೊತ್ತಿಗೆ ಸರಿಯಾಗಿ ಉಣ್ತಾವ್ಳಾ?” ಅಂದರು.